ದೂರದ ಕ್ಲಬ್, ಊರಿನ ಮೈದಾನ: ನಮ್ಮ ಬೆಂಬಲ ಯಾರಿಗೆ?



ಯುರೋಪಿನ ಚಾಂಪಿಯನ್ಸ್ ಲೀಗ್ ಪಂದ್ಯಗಳು ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆಗೋ ಒಂದೂವರೆಗೋ ಶುರುವಾಗುತ್ತವೆ. ಪಂದ್ಯದ ಮರುದಿನ ನನ್ನ ಮೊದಲ ಅವಧಿಯ ಅರ್ಥಶಾಸ್ತ್ರ ತರಗತಿಯಲ್ಲಿ ಹಿಂದಿನ ಎರಡು ಬೆಂಚುಗಳು ಕೆಂಪು ಕಣ್ಣು ಬಿಟ್ಟುಕೊಂಡು ಕೂತಿರುತ್ತವೆ. ರಂಜಾನ್ ತಿಂಗಳಾದರೆ ಅದಕ್ಕೊಂದು ಅನುಕೂಲವೂ ಇದೆ. ಪಂದ್ಯ ಮುಗಿಸಿದವರಿಗೆ ಸಹರಿಗೆ ಬೇರೆ ಅಲಾರಂ ಬೇಕಾಗುವುದಿಲ್ಲ.

ಅಂಥದ್ದೇ ಒಂದು ಬೆಳಿಗ್ಗೆ ಹಾಜರಿ ಕರೆಯುತ್ತಿದ್ದೆ. ಒಬ್ಬ ಹುಡುಗ ಮುಖ ಇಳಿಬಿಟ್ಟಿದ್ದ. ಯಾಕೆಂದು ಕೇಳಿದೆ. ‘ನಮ್ಮ ಟೀಮ್ ಸೋತ್ತ್ರಿ ಸರ್’ ಅಂದ. ಯಾವುದಪ್ಪ ನಿಮ್ಮ ಟೀಮು ಅಂದರೆ, ‘ರಿಯಲ್ ಮ್ಯಾಡ್ರಿಡ್ ರೀ’ ಎಂದ. ಇಡೀ ತರಗತಿ ನಕ್ಕಿತು. ಆಗ ಕಿಟಕಿಯ ಪಕ್ಕದ ಬೆಂಚಿನಿಂದ ಇನ್ನೊಂದು ದನಿ ಬಂತು: ‘ನಿನ್ನೆ ಸಂಜಿಮುಂದ ನಮ್ಮ ಕಾಲೇಜ್ ಟೀಮೂ ಸೋತೈತ್ರಿ ಸರ್. ಅದು ಯಾರಿಗೂ ಗೊತ್ತಿಲ್ಲ.’

ಅದನ್ನು ಹೇಳಿದವನು ನಮ್ಮ ತಂಡದ ಗೋಲ್‌ಕೀಪರ್. ಅವನ ಮೊಣಕೈಗೆ ಬ್ಯಾಂಡೇಜ್ ಇತ್ತು. ಆ ಪಂದ್ಯವನ್ನು ನೋಡಲು ಬಂದವರು ಯಾರು ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ದೈಹಿಕ ಶಿಕ್ಷಣ ಉಪನ್ಯಾಸಕರು, ಒಬ್ಬ ಆಟಗಾರನ ತಂದೆ, ಮೈದಾನದ ಅಂಚಿಗೆ ಆಡು ಮೇಯಿಸುತ್ತಿದ್ದ ಒಬ್ಬ ಅಜ್ಜ. ಅಷ್ಟೇ ಜನ. ನಾನು ಹೋಗಿರಲಿಲ್ಲ. ಪಂದ್ಯ ಇದೆ ಎಂಬ ಸೂಚನೆ ನಮ್ಮ ಫಲಕದ ಮೇಲೆ ಮೂರು ದಿನದಿಂದ ಅಂಟಿಕೊಂಡಿತ್ತು. ನಾನು ಅದರ ಮುಂದೆಯೇ ಓಡಾಡಿದ್ದೆ.

ಅಂದು ಪಠ್ಯಪುಸ್ತಕ ಮುಚ್ಚಿಟ್ಟು ಒಂದು ಪ್ರಶ್ನೆಯನ್ನು ಚರ್ಚೆಗೆ ಇಟ್ಟೆವು: ಫುಟ್‌ಬಾಲ್ ಅಭಿಮಾನಿಯಾದವನು ದೂರದ ಪ್ರಸಿದ್ಧ ಕ್ಲಬ್ಬನ್ನು ಬೆಂಬಲಿಸಬೇಕೇ, ಹತ್ತಿರದ ಸಣ್ಣ ತಂಡವನ್ನೇ? ನಲವತ್ತೈದು ನಿಮಿಷದಲ್ಲಿ ಮುಗಿಯದ ಆ ಚರ್ಚೆಯನ್ನು ಇಲ್ಲಿ ಪಾಠದ ರೂಪದಲ್ಲಿ ಬರೆದಿದ್ದೇನೆ.

1. ದೂರದ ಕ್ಲಬ್ಬಿನ ಪರವಾಗಿ

ಮೊದಲು ಎದುರಾಳಿಯ ವಾದವನ್ನು ನ್ಯಾಯವಾಗಿ ಕೇಳೋಣ. ರೋಣ, ನರಗುಂದ, ಗಜೇಂದ್ರಗಡದ ಹುಡುಗರು ಲಿವರ್‌ಪೂಲನ್ನೋ ಬಾರ್ಸಿಲೋನಾವನ್ನೋ ಪ್ರೀತಿಸುವುದು ತಪ್ಪಲ್ಲ. ಒಳ್ಳೆಯ ಆಟ ಎಲ್ಲಿದ್ದರೂ ಒಳ್ಳೆಯ ಆಟವೇ. ಕುಮಾರವ್ಯಾಸ ನಮ್ಮ ಗದಗಿನವನು ಎಂಬ ಕಾರಣಕ್ಕೆ ಬೇರೆ ಊರಿನವರು ಅವನನ್ನು ಓದದೆ ಬಿಟ್ಟಿಲ್ಲ. ನಮ್ಮಲ್ಲಿ ಫುಟ್‌ಬಾಲಿಗಿಂತ ಕ್ರಿಕೆಟ್, ಕಬಡ್ಡಿ, ಕುಸ್ತಿ, ಖೋಖೋಗಳೇ ಹೆಚ್ಚು. ಆದ್ದರಿಂದ ಈ ಆಟವನ್ನು ಕಲಿಯಬೇಕೆನ್ನುವ ಹುಡುಗನಿಗೆ ಮೊಬೈಲಿನ ಪರದೆಯೇ ಮೊದಲ ಗುರು.

ಇನ್ನೊಂದು ಮಾತನ್ನೂ ಹುಡುಗರು ಹೇಳಿದರು. ಈಜಿಪ್ಟಿನ ಮೊಹಮ್ಮದ್ ಸಲಾಹ್ 2017ರಲ್ಲಿ ಲಿವರ್‌ಪೂಲ್ ಸೇರಿದ. ಗೋಲು ಹೊಡೆದ ಮೇಲೆ ಮೈದಾನದಲ್ಲೇ ಸಜ್ದಾ ಮಾಡುವ ಅವನನ್ನು ಕಂಡು ಜಗತ್ತಿನ ಎಷ್ಟೋ ಮುಸ್ಲಿಂ ಹುಡುಗರಿಗೆ ‘ನಮ್ಮಂಥವನೂ ಅಲ್ಲಿದ್ದಾನೆ’ ಎಂಬ ಧೈರ್ಯ ಬಂತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇದರ ಪರಿಣಾಮವನ್ನು ಅಧ್ಯಯನ ಮಾಡಿದ್ದಾರೆ. ಸಲಾಹ್ ಬಂದ ಮೇಲೆ ಲಿವರ್‌ಪೂಲ್ ಇರುವ ಮರ್ಸಿಸೈಡ್ ಪ್ರದೇಶದಲ್ಲಿ ದ್ವೇಷದ ಅಪರಾಧಗಳು ಅವರು ನಿರೀಕ್ಷಿಸಿದ್ದಕ್ಕಿಂತ ಶೇ. 16ರಷ್ಟು ಕಡಿಮೆಯಾಗಿದ್ದವು. ಒಂದು ದೊಡ್ಡ ಕ್ಲಬ್ ಇಂಥ ಕೆಲಸ ಮಾಡಬಲ್ಲದು ಎಂದಾದರೆ ಅದನ್ನು ಪ್ರೀತಿಸಲು ಅದೇ ಸಾಕಲ್ಲವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಒಳ್ಳೆಯ ಪ್ರಶ್ನೆ. ಇದಕ್ಕೆ ಲೇಖನದ ಕೊನೆಗೆ ಮತ್ತೆ ಬರುತ್ತೇನೆ.

2. ದೊಡ್ಡ ಕ್ಲಬ್‌ಗಳೂ ಒಂದು ಕಾಲಕ್ಕೆ ಓಣಿಯ ತಂಡಗಳೇ

ಮ್ಯಾಂಚೆಸ್ಟರ್ ಯುನೈಟೆಡ್ ಹುಟ್ಟಿದ್ದು 1878ರಲ್ಲಿ. ಆಗ ಅದರ ಹೆಸರು ನ್ಯೂಟನ್ ಹೀತ್. ರೈಲ್ವೆಯ ಗಾಡಿ ಮತ್ತು ವ್ಯಾಗನ್ ಕಾರ್ಖಾನೆಯ ಕೆಲಸಗಾರರು ಕಟ್ಟಿಕೊಂಡ ತಂಡ ಅದು. ನಮ್ಮ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನವರು ಕೆಲಸ ಮುಗಿಸಿ ಸಂಜೆ ಚೆಂಡು ಹಿಡಿದು ಹೊರಟಂತೆ ಊಹಿಸಿಕೊಳ್ಳಿ. ಆರ್ಸೆನಲ್ ಶುರುವಾದದ್ದು 1886ರಲ್ಲಿ, ವುಲ್ವಿಚ್‌ನ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರಿಂದ. ಆ ಹೆಸರಿನ ಅರ್ಥವೇ ಶಸ್ತ್ರಾಗಾರ.

ಈ ತಂಡಗಳಿಗೆ ಆಗ ಟಿವಿ ಇರಲಿಲ್ಲ, ಪ್ರಾಯೋಜಕರೂ ಇರಲಿಲ್ಲ. ಮೈದಾನದ ಸುತ್ತ ನಿಂತ ನೆರೆಹೊರೆಯವರು ಇದ್ದರು. ಅವರು ಆ ದಿನಗಳಲ್ಲಿ ‘ಇದಕ್ಕಿಂತ ಚೆನ್ನಾಗಿ ಆಡುವ ತಂಡ ಬೇರೆ ಊರಲ್ಲಿದೆ’ ಎಂದು ಮನೆಯಲ್ಲೇ ಕೂತಿದ್ದರೆ ಇಂದು ನೀವು ರಾತ್ರಿ ನಿದ್ದೆಗೆಟ್ಟು ನೋಡುವ ಕ್ಲಬ್ ಇರುತ್ತಲೇ ಇರಲಿಲ್ಲ. ‘ಹಿತ್ತಲ ಗಿಡ ಮದ್ದಲ್ಲ’ ಎನ್ನುತ್ತೇವೆ. ಆ ಗಾದೆ ಗಿಡದ ಗುಣ ಹೇಳುವುದಿಲ್ಲ, ನೋಡುವವರ ಕಣ್ಣಿನ ದೋಷ ಹೇಳುತ್ತದೆ.

3. 1937ರ ಒಂದು ಪಂದ್ಯ

ಈಗ ನಮ್ಮದೇ ರಾಜ್ಯದ ಒಂದು ಸಂಗತಿ. ಇದನ್ನು ನಮ್ಮ ಕಾಲೇಜಿನ ಪ್ರತಿಯೊಬ್ಬರೂ ತಿಳಿದಿರಬೇಕು ಎಂಬುದು ನನ್ನ ಆಸೆ.

1930ರ ದಶಕದಲ್ಲಿ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ದೇಶದಲ್ಲೇ ಅತಿ ಪ್ರಸಿದ್ಧ ಭಾರತೀಯ ಕ್ಲಬ್‌ಗಳಲ್ಲಿ ಒಂದು. 1934ರಲ್ಲಿ ಅದು ಕಲ್ಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ಅಲ್ಲಿಂದ 1938ರ ತನಕ ಸತತ ಐದು ವರ್ಷ ಆ ಲೀಗನ್ನು ಬಿಟ್ಟುಕೊಡಲಿಲ್ಲ. ದೇಶದ ಮೂಲೆಮೂಲೆಯ ಮುಸ್ಲಿಂ ಹುಡುಗರಿಗೆ ಆ ಕ್ಲಬ್ ಎಂದರೆ ಇಂದಿನ ರಿಯಲ್ ಮ್ಯಾಡ್ರಿಡ್ ಇದ್ದಂತೆ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ‘ಬ್ಯಾಂಗಲೋರ್ ಮುಸ್ಲಿಮ್ಸ್’ ಎಂಬ ತಂಡ ಇತ್ತು. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ 1891ರಲ್ಲಿ ಆರಂಭವಾಗಿತ್ತು. ಬ್ರಿಟಿಷ್ ಸೇನೆಯ ತಂಡಗಳೇ ಅದನ್ನು ಗೆಲ್ಲುತ್ತ ಬಂದಿದ್ದವು. 1937ರ ಫೈನಲ್‌ನಲ್ಲಿ ಬ್ಯಾಂಗಲೋರ್ ಮುಸ್ಲಿಮ್ಸ್ ಎದುರಿಸಿದ್ದು ಅದೇ ಪ್ರಸಿದ್ಧ ಮೊಹಮ್ಮಡನ್ ಸ್ಪೋರ್ಟಿಂಗನ್ನು. ಬೆಂಗಳೂರಿನವರು 1–0 ಅಂತರದಲ್ಲಿ ಗೆದ್ದರು. ಮರುವರ್ಷ, ಅಂದರೆ 1938ರಲ್ಲಿ, ಬ್ರಿಟಿಷ್ ಸೇನಾ ತಂಡವೊಂದನ್ನು ಸೋಲಿಸಿ ಮತ್ತೆ ಕಪ್ ಎತ್ತಿದರು. 1948ರಲ್ಲಿ ಮೂರನೇ ಸಲ.

ಈ ತಂಡದ ಅಂಗಳದಿಂದ ಎದ್ದು ಬಂದವರಲ್ಲಿ ಅಹ್ಮದ್ ಖಾನ್ ಒಬ್ಬರು. ಬೆಂಗಳೂರಿನಲ್ಲಿ 1926ರಲ್ಲಿ ಹುಟ್ಟಿದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದ ಭಾರತ ತಂಡದಲ್ಲಿ ಅವರಿದ್ದರು. ಆಮೇಲೆ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಐವರು ಮುಂಚೂಣಿ ಆಟಗಾರರನ್ನು ಜನ ‘ಪಂಚ ಪಾಂಡವರು’ ಎಂದು ಕರೆಯುತ್ತಿದ್ದರು. ಆ ಐವರಲ್ಲಿ ಅಹ್ಮದ್ ಖಾನರೂ ಒಬ್ಬರು. ಬೆಂಗಳೂರಿನ ಮುಸ್ಲಿಂ ಹುಡುಗನೊಬ್ಬ ಕೋಲ್ಕತ್ತಾದಲ್ಲಿ ಪಾಂಡವನಾದ. ಆಟದ ಮೈದಾನ ಮಾತ್ರ ಕೊಡಬಲ್ಲ ಹೆಸರು ಅದು.

ಈಗ ಯೋಚಿಸಿ. 1937ರಲ್ಲಿ ಬೆಂಗಳೂರಿನ ಶಿವಾಜಿನಗರದ ಕಡೆಯ ಒಬ್ಬ ಹುಡುಗನ ಮುಂದೆಯೂ ನಿಮ್ಮ ಮುಂದಿರುವ ಪ್ರಶ್ನೆಯೇ ಇತ್ತು. ಪತ್ರಿಕೆಯಲ್ಲಿ ದಿನಾ ಹೆಸರು ಬರುವ ಕೋಲ್ಕತ್ತಾದ ಕ್ಲಬ್ಬೇ, ತನ್ನ ಓಣಿಯ ಮೈದಾನದ ತಂಡವೇ? ಓಣಿಯ ತಂಡವನ್ನು ಹುರಿದುಂಬಿಸಲು ಯಾರೂ ಬಾರದೆ ಹೋಗಿದ್ದರೆ ಆ ಕಪ್ಪೂ ಇಲ್ಲ, ಮುಂದೆ ಅಹ್ಮದ್ ಖಾನರಂಥವರೂ ಇಲ್ಲ. ಇನ್ನೊಂದು ಮಾತು. ಕೊನೆಗೆ ದೊಡ್ಡ ಕ್ಲಬ್ಬಿಗೂ ಆಟಗಾರರು ಬೇಕಾದಾಗ ಅದು ಬಂದು ನೋಡುವುದು ಇಂಥ ಸಣ್ಣ ಮೈದಾನಗಳ ಕಡೆಗೇ.

4. ಅರ್ಥಶಾಸ್ತ್ರ ಏನು ಹೇಳುತ್ತದೆ?

ದ್ವಿತೀಯ ಪಿಯುಸಿಯವರಿಗೆ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಗೊತ್ತಿದೆ. ಹಸಿದು ಬಂದವನಿಗೆ ಮೊದಲ ಮಿರ್ಚಿ ಭಜಿ ಕೊಡುವ ತೃಪ್ತಿಯನ್ನು ಎರಡನೆಯದು ಕೊಡುವುದಿಲ್ಲ, ಎರಡನೆಯದರಷ್ಟು ಮೂರನೆಯದು ಕೊಡುವುದಿಲ್ಲ. ಆರನೆಯದು ಹೊಟ್ಟೆನೋವು ಕೊಡುತ್ತದೆ. ಒಟ್ಟು ಎಷ್ಟಿದೆ ಎಂಬುದು ಇಲ್ಲಿ ಪ್ರಶ್ನೆಯಲ್ಲ. ‘ಇನ್ನೂ ಒಂದು’ ಸೇರಿದಾಗ ಏನು ಬದಲಾಗುತ್ತದೆ ಎಂಬುದೇ ಪ್ರಶ್ನೆ.

ಈ ಅಳತೆಗೋಲನ್ನು ಅಭಿಮಾನಿಗೆ ಹಚ್ಚಿ ನೋಡೋಣ. ಮ್ಯಾಂಚೆಸ್ಟರ್ ಯುನೈಟೆಡ್‌ನ 2023–24ನೇ ಸಾಲಿನ ಆದಾಯ 661.8 ಮಿಲಿಯನ್ ಪೌಂಡ್. ನಮ್ಮ ಲೆಕ್ಕದಲ್ಲಿ ಸುಮಾರು 7,000 ಕೋಟಿ ರೂಪಾಯಿ. ಅದರ ಕ್ರೀಡಾಂಗಣದಲ್ಲಿ ಸುಮಾರು 74,000 ಜನ ಕೂರುತ್ತಾರೆ. ಗಜೇಂದ್ರಗಡದ ಒಬ್ಬ ಹುಡುಗ ನಾಳೆಯಿಂದ ಆ ಕ್ಲಬ್ಬನ್ನು ಬಿಟ್ಟರೆ ಅಲ್ಲಿ ಏನು ಬದಲಾಗುತ್ತದೆ? ಏನೂ ಇಲ್ಲ. ಅದೇ ಹುಡುಗ ನಾಳೆ ಸಂಜೆ ಊರಿನ ಮೈದಾನಕ್ಕೆ ಬಂದು ನಿಂತರೆ? ಮೂವರಿದ್ದ ಪ್ರೇಕ್ಷಕರು ನಾಲ್ವರಾಗುತ್ತಾರೆ. ಗೆಳೆಯರನ್ನು ಕರೆತಂದರೆ ಹದಿನಾಲ್ಕು. ಆಟಗಾರ ತಲೆ ಎತ್ತಿ ನೋಡುತ್ತಾನೆ. ನಮ್ಮ ಬೆಂಬಲದ ಬೆಲೆ ಕ್ಲಬ್ಬಿನ ಗಾತ್ರದಿಂದ ತೀರ್ಮಾನವಾಗುವುದಿಲ್ಲ, ಆ ಬೆಂಬಲ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದರಿಂದ ತೀರ್ಮಾನವಾಗುತ್ತದೆ.

ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನದೇ ಉದಾಹರಣೆ ಇದೆ. ಮ್ಯಾಂಚೆಸ್ಟರ್ ನಗರಕ್ಕೆ ತೀರ ಹತ್ತಿರ ಬರಿ ಎಂಬ ಊರಿದೆ. ಅಲ್ಲಿನ ಕ್ಲಬ್ 1885ರಲ್ಲಿ ಹುಟ್ಟಿತ್ತು. 1900 ಮತ್ತು 1903ರಲ್ಲಿ ಎಫ್‌ಎ ಕಪ್ ಗೆದ್ದಿತ್ತು. ಸಾಲದ ಹೊರೆ ಮತ್ತು ಕೆಟ್ಟ ಆಡಳಿತದಿಂದ ಕುಸಿದು 2019ರ ಆಗಸ್ಟ್‌ನಲ್ಲಿ ಲೀಗ್‌ನಿಂದಲೇ ಹೊರಹಾಕಲ್ಪಟ್ಟಿತು. ಜಗತ್ತಿನ ಎರಡು ಅತಿ ಶ್ರೀಮಂತ ಕ್ಲಬ್‌ಗಳು ಪಕ್ಕದ ಊರಿನಲ್ಲೇ ಇದ್ದವು. ಆ ಸಂಪತ್ತು ಬರಿಯನ್ನು ಉಳಿಸಲಿಲ್ಲ.

ಇದಕ್ಕೆ ತಿರುಗು ಉದಾಹರಣೆಯೂ ಇದೆ. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಅದರ ಮಾಲೀಕರು ದೂರದ ಮಿಲ್ಟನ್ ಕೀನ್ಸ್ ನಗರಕ್ಕೆ ಸಾಗಿಸಲು ಅನುಮತಿ ಪಡೆದಾಗ ಅಭಿಮಾನಿಗಳು ಅತ್ತು ಸುಮ್ಮನಾಗಲಿಲ್ಲ. 2002ರಲ್ಲಿ ತಮ್ಮದೇ ‘ಎಎಫ್‌ಸಿ ವಿಂಬಲ್ಡನ್’ ಕಟ್ಟಿದರು. ಊರಿನ ಬಯಲಿನಲ್ಲಿ ಆಟಗಾರರ ಆಯ್ಕೆ ನಡೆಸಿದರು. ಒಂಬತ್ತನೇ ದರ್ಜೆಯಿಂದ ಶುರುಮಾಡಿ 2011ರ ಹೊತ್ತಿಗೆ ವೃತ್ತಿಪರ ಫುಟ್‌ಬಾಲ್ ಲೀಗ್ ತಲುಪಿದರು. ಅಭಿಮಾನಿಯನ್ನು ಗಿರಾಕಿ ಎಂದುಕೊಂಡವರಿಗೆ ಸಿಕ್ಕ ಉತ್ತರ ಅದು. ಗಿರಾಕಿ ಅಂಗಡಿ ಬದಲಿಸುತ್ತಾನೆ, ಅಭಿಮಾನಿ ತಾನೇ ಅಂಗಡಿ ಕಟ್ಟುತ್ತಾನೆ.

5. ನಮ್ಮ ದೇಶದಲ್ಲಿ: ಒಬ್ಬ ನಾಯಕನ ಮನವಿ

2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5–0ರಿಂದ ಸೋಲಿಸಿತು. ನಾಯಕ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು. ನೋಡಲು ಬಂದಿದ್ದವರು 2,569 ಜನ. ನೂರು ಕೋಟಿಗೂ ಹೆಚ್ಚು ಜನರ ದೇಶದಲ್ಲಿ ಇಷ್ಟು ಮಂದಿ.

ಮರುದಿನ ಛೆಟ್ರಿ ಒಂದು ವಿಡಿಯೊ ಹಾಕಿದರು. ಯುರೋಪಿನ ಕ್ಲಬ್‌ಗಳ ಅಭಿಮಾನಿಗಳನ್ನೇ ಉದ್ದೇಶಿಸಿ ಮಾತಾಡಿದರು. ನಮ್ಮ ಆಟ ಆ ಮಟ್ಟದ್ದಲ್ಲ ಎಂದು ತಾವೇ ಒಪ್ಪಿಕೊಂಡರು. ಬೈಯಿರಿ, ಟೀಕಿಸಿ, ಆದರೆ ಕ್ರೀಡಾಂಗಣಕ್ಕೆ ಬನ್ನಿ ಎಂಬುದು ಅವರ ಮಾತಿನ ಸಾರ. ಜೂನ್ 4ರಂದು ಕೀನ್ಯಾ ಎದುರಿನ ಪಂದ್ಯ ಛೆಟ್ರಿಯವರ ನೂರನೇ ಅಂತರರಾಷ್ಟ್ರೀಯ ಪಂದ್ಯ. ಮಳೆ ಸುರಿಯುತ್ತಿತ್ತು. ಟಿಕೆಟ್‌ಗಳೆಲ್ಲ ಮಾರಾಟವಾಗಿದ್ದವು. ಭಾರತ 3–0ರಿಂದ ಗೆದ್ದಿತು.

ಈ ಘಟನೆಯಲ್ಲಿ ನನಗೆ ಮುಖ್ಯವೆನಿಸುವುದು ಛೆಟ್ರಿ ಕೇಳದೆ ಬಿಟ್ಟ ಒಂದು ಸಂಗತಿ. ಯುರೋಪಿನ ಕ್ಲಬ್‌ಗಳನ್ನು ಬಿಟ್ಟುಬಿಡಿ ಎಂದು ಅವರು ಕೇಳಲಿಲ್ಲ. ಪ್ರೀತಿಯನ್ನು ಕಿತ್ತು ಇನ್ನೊಂದು ಕಡೆ ನೆಡಲು ಆಗುವುದಿಲ್ಲ ಎಂದು ಆಟಗಾರನಾದ ಅವರಿಗೆ ಗೊತ್ತು. ಅವರು ಕೇಳಿದ್ದು ಹಾಜರಿ.

6. ಹಾಗಾದರೆ ನಮಗೆ ‘ಸ್ಥಳೀಯ ಕ್ಲಬ್’ ಯಾವುದು?

ಇಲ್ಲಿ ತರಗತಿಯಲ್ಲಿ ದೊಡ್ಡ ಗದ್ದಲ ಎದ್ದಿತು. ‘ಸರ್, ನಮ್ಮ ಊರಾಗ ಕ್ಲಬ್ ಎಲ್ಲೈತ್ರಿ?’ ಎಂದು ನರಗುಂದದ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ಕೇಳಿದ. ನಿಜ. ನಮ್ಮ ಮೂರೂ ಪಟ್ಟಣಗಳಲ್ಲಿ ವೃತ್ತಿಪರ ಫುಟ್‌ಬಾಲ್ ಕ್ಲಬ್ ಇಲ್ಲ.

ಒಬ್ಬರು ಬೆಂಗಳೂರು ಎಫ್‌ಸಿ ಹೆಸರು ಹೇಳಿದರು. 2013ರಲ್ಲಿ ಹುಟ್ಟಿದ ಈ ಕ್ಲಬ್ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಗುಂಪು ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುತ್ತದೆ. ಕರ್ನಾಟಕದ ಹೆಮ್ಮೆಯ ಕ್ಲಬ್, ಸಂಶಯವಿಲ್ಲ. ಆದರೆ ಬೆಂಗಳೂರು ನಮಗೆ ಒಂದು ರಾತ್ರಿಯ ಪ್ರಯಾಣ. ಕಿಲೋಮೀಟರ್ ಲೆಕ್ಕ ಹಿಡಿದರೆ ಗೋವಾದ ಮಡಗಾಂವ್‌ನಲ್ಲಿ ಆಡುವ ಎಫ್‌ಸಿ ಗೋವಾ ನಮಗೆ ಇನ್ನೂ ಹತ್ತಿರ. ‘ಮಹಾದಾಯಿ ನೀರು ಕೊಡಲಿ, ಆಮ್ಯಾಲೆ ಅವರ ಟೀಮಿಗೆ ಚಪ್ಪಾಳೆ’ ಎಂದು ಒಬ್ಬಳು ಹೇಳಿದಾಗ ನಾನೂ ನಕ್ಕೆ.

ಇನ್ನೊಂದು ಪರೀಕ್ಷೆ ಮಾಡಿದೆ. 2022ರ ಡಿಸೆಂಬರ್ 18ರಂದು ಏನಾಯಿತು ಎಂದು ಕೇಳಿದೆ. ಕತಾರ್‌ನಲ್ಲಿ ಮೆಸ್ಸಿ ವಿಶ್ವಕಪ್ ಎತ್ತಿದ್ದು ಎಂದು ಇಡೀ ತರಗತಿ ಒಟ್ಟಿಗೆ ಕೂಗಿತು. ಅದಾಗಿ ಎರಡೂವರೆ ತಿಂಗಳಿಗೆ, 2023ರ ಮಾರ್ಚ್ 4ರಂದು ಏನಾಯಿತು? ಸದ್ದಿಲ್ಲ. ಅಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯ ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ 54 ವರ್ಷಗಳ ನಂತರ ಬಂದ ಗೆಲುವು. ನಮ್ಮಲ್ಲಿ ಕೆಲವರ ತಂದೆ, ಕಾಕಾ, ಮಾಮಾ ಸೌದಿಯಲ್ಲೇ ದುಡಿಯುತ್ತಿದ್ದಾರೆ. ನಮ್ಮ ರಾಜ್ಯ ಅವರ ಕೆಲಸದ ನಾಡಿಗೇ ಹೋಗಿ ಕಪ್ ಗೆದ್ದದ್ದು ನಮಗೆ ತಿಳಿಯಲಿಲ್ಲ. ಕತಾರ್‌ನ ಸುದ್ದಿ ತಿಳಿಯಿತು.

ಇದರಿಂದ ನಾನು ‘ಸ್ಥಳೀಯ’ ಎಂಬ ಪದಕ್ಕೆ ಒಂದು ಅರ್ಥ ಕಂಡುಕೊಂಡೆ. ನಕ್ಷೆಯ ಮೇಲಿನ ದೂರ ಅಲ್ಲ, ರಾಜ್ಯದ ಗಡಿಯೂ ಅಲ್ಲ. ನಾನು ನಡೆದು ಅಥವಾ ಬಸ್‌ಪಾಸಿನಲ್ಲಿ ಹೋಗಿ ತಲುಪಬಹುದಾದ, ನಾನು ಬಂದೆನೋ ಇಲ್ಲವೋ ಎಂಬುದು ಎದ್ದು ಕಾಣುವ ಮೈದಾನ ಯಾವುದೋ ಅದೇ ನನ್ನ ಸ್ಥಳೀಯ ತಂಡದ ಮೈದಾನ. ಅದು ಕಾಲೇಜಿನ ತಂಡ ಇರಬಹುದು, ಓಣಿಯ ಹುಡುಗರ ತಂಡ ಇರಬಹುದು. ಫುಟ್‌ಬಾಲೇ ಆಗಬೇಕೆಂದೂ ಇಲ್ಲ. ಹುಡುಗಿಯರ ಖೋಖೋ ತಂಡವಾದರೂ ಸರಿ.

ಹೀಗೆ ಹತ್ತಿರದ ಆಟಕ್ಕೆ ಜನ ಬಂದು ನಿಂತರೆ ಏನಾಗುತ್ತದೆ ಎಂಬುದನ್ನು ಕೊಡಗಿನಲ್ಲಿ ನೋಡಬಹುದು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರುಮಾಡಿದರು. ಮೊದಲ ವರ್ಷ 60 ಕುಟುಂಬಗಳು ಬಂದವು. ಈಗ ಅದು ನೂರಾರು ಕುಟುಂಬಗಳ ಹಬ್ಬ. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡುತ್ತಾರೆ. ಅಲ್ಲಿ ಯಾರೂ ‘ದೊಡ್ಡ ಹಾಕಿ ಟಿವಿಯಲ್ಲಿ ಬರುತ್ತದೆ’ ಎಂದು ಮನೆಯಲ್ಲಿ ಉಳಿಯುವುದಿಲ್ಲ.

7. ಗದಗದ ಹುಡುಗ, ನಾಗ್ರಿಗ್‌ನ ಹುಡುಗ

ನಮ್ಮ ಗದಗದ ಸುನಿಲ್ ಜೋಶಿ ಭಾರತಕ್ಕೆ 15 ಟೆಸ್ಟ್, 69 ಏಕದಿನ ಪಂದ್ಯ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್ ಎಸೆದು ಕೇವಲ 6 ರನ್ನಿಗೆ 5 ವಿಕೆಟ್ ಪಡೆದರು. ಹುಡುಗನಿದ್ದಾಗ ಅವರು ನಸುಕಿನಲ್ಲೇ ಗದಗ ಬಿಟ್ಟು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮರಳಿ ಬರುತ್ತಿದ್ದರು. ಒಂದು ಕಡೆಗೆ ಸುಮಾರು 60 ಕಿ.ಮೀ.

ಆಗ ಹೇಳಿದ ಮೊಹಮ್ಮದ್ ಸಲಾಹ್ ಈಜಿಪ್ಟಿನ ನಾಗ್ರಿಗ್ ಎಂಬ ಹಳ್ಳಿಯವನು. ಹುಡುಗನಿದ್ದಾಗ ಕೈರೋದ ಕ್ಲಬ್ಬಿನಲ್ಲಿ ಅಭ್ಯಾಸ ಮಾಡಲು ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ಗಂಟೆಗಟ್ಟಲೆ ಪ್ರಯಾಣ ಮಾಡುತ್ತಿದ್ದ. ಅವನನ್ನು ಮೊದಲು ಬೆಳೆಸಿದ್ದು ಲಿವರ್‌ಪೂಲ್ ಅಲ್ಲ, ಅಲ್ ಮೊಕಾವ್ಲೂನ್ ಎಂಬ ಕೈರೋದ ಕ್ಲಬ್. ಗದಗದ ಹುಡುಗನಿಗೆ ಹುಬ್ಬಳ್ಳಿಯಲ್ಲಿ, ನಾಗ್ರಿಗ್‌ನ ಹುಡುಗನಿಗೆ ಕೈರೋದಲ್ಲಿ ಬೆಳಿಗ್ಗೆ ಮೈದಾನದ ಬಾಗಿಲು ತೆರೆದು, ಚೆಂಡು ಕೊಟ್ಟು, ನಿಂತು ನೋಡಿದವರು ಯಾರೋ ಇದ್ದರು. ಅವರ ಹೆಸರು ನಮಗೆ ತಿಳಿಯದು. ಬೆಂಬಲ ಎಂದರೆ ಅದು.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ದ್ವೇಷ ಕಡಿಮೆಯಾದದ್ದು ಎಲ್ಲಿ? ಸಲಾಹ್ ಆಡುತ್ತಿದ್ದ ಊರಿನ ಸುತ್ತಲಿನ ಪ್ರದೇಶದಲ್ಲಿ. ತಮ್ಮ ಊರಿನ ಅಂಗಿ ತೊಟ್ಟವನು, ತಮಗಾಗಿ ಬೆವರು ಸುರಿಸುವವನು ಒಬ್ಬ ಮುಸ್ಲಿಂ ಎಂದು ಅಲ್ಲಿನ ಜನ ವಾರವಾರ ಕಂಡರು. ಕಂಡದ್ದು ಪರಿಚಯವಾಯಿತು, ಪರಿಚಯ ಅಂಜಿಕೆಯನ್ನು ಕಡಿಮೆ ಮಾಡಿತು. ಅಂದರೆ ಆ ಪವಾಡವೂ ಒಂದು ಸ್ಥಳೀಯ ಸಂಗತಿಯೇ. ಟಿವಿಯಲ್ಲಿ ಸಲಾಹ್‌ನನ್ನು ನೋಡಿದ ಮಾತ್ರಕ್ಕೆ ಅದು ನಮ್ಮ ಊರಿಗೆ ಪಾರ್ಸೆಲ್ ಆಗಿ ಬರುವುದಿಲ್ಲ.

ಅದನ್ನು ಇಲ್ಲೇ ಬೆಳೆಯಬೇಕು. ನಮ್ಮ ಕಾಲೇಜಿನ ತಂಡದ ಪಟ್ಟಿಯನ್ನು ಫಲಕದ ಮೇಲೆ ಈ ಸಲ ನಿಂತು ಓದಿದೆ. ಉರ್ದು ಶಾಲೆಯಿಂದ ಬಂದವರು, ಕನ್ನಡ ಶಾಲೆಯಿಂದ ಬಂದವರು, ನೇಕಾರರ ಮಕ್ಕಳು, ಹೊಲದಲ್ಲಿ ದುಡಿಯುವವರ ಮಕ್ಕಳು ಎಲ್ಲರೂ ಒಂದೇ ಪಟ್ಟಿಯಲ್ಲಿದ್ದಾರೆ. ಈ ಹನ್ನೊಂದು ಹೆಸರು ಒಟ್ಟಿಗೆ ಓಡುವುದನ್ನು ಊರಿನ ಜನ ಮೈದಾನದ ಅಂಚಿನಲ್ಲಿ ನಿಂತು ನೋಡಿದರೆ, ಒಂದು ಗೋಲಿಗೆ ಎಲ್ಲರ ಮನೆಯವರೂ ಒಟ್ಟಿಗೆ ಕೂಗಿದರೆ, ಅದಕ್ಕಿಂತ ದೊಡ್ಡ ಪಾಠವನ್ನು ನಾನು ಕಪ್ಪು ಹಲಗೆಯ ಮೇಲೆ ಬರೆಯಲಾರೆ. ನೆರೆಯವರ ಹಕ್ಕಿನ ಬಗ್ಗೆ ನಾವು ಮನೆಯಲ್ಲೂ ಮಸೀದಿಯಲ್ಲೂ ಕೇಳಿ ಬೆಳೆದಿದ್ದೇವೆ. ನೆರೆಯವನ ಆಟವನ್ನು ನೋಡಲು ಹೋಗುವುದೂ ಅದರ ಒಂದು ಸಣ್ಣ ಭಾಗ ಎಂದು ನನಗನಿಸುತ್ತದೆ.

8. ನನ್ನ ತೀರ್ಮಾನ

ಕಣ್ಣು ಎಲ್ಲಿಗಾದರೂ ಹೋಗಲಿ, ಕಾಲು ಊರಿನ ಮೈದಾನಕ್ಕೆ ಬರಲಿ. ದೂರದ ಕ್ಲಬ್ಬಿಗೆ ಮೆಚ್ಚುಗೆ ಕೊಡೋಣ. ಅದಕ್ಕೆ ಬೇಕಾದದ್ದು ಅಷ್ಟೇ. ಹತ್ತಿರದ ತಂಡಕ್ಕೆ ಹಾಜರಿ ಕೊಡೋಣ. ಅದನ್ನು ನಮ್ಮ ಬದಲು ಬೇರೆ ಯಾರೂ ಕೊಡಲಾರರು.

ಅಡ್ಡಿಗಳು ಇವೆ, ಅವನ್ನೂ ಮರೆಮಾಚಬಾರದು. ಹಳ್ಳಿಯಿಂದ ಬರುವವರಿಗೆ ಸಂಜೆಯ ಬಸ್ ತಪ್ಪಿದರೆ ಮನೆ ಸೇರುವುದು ಕಷ್ಟ. ಹುಡುಗಿಯರಿಗೆ ಮೈದಾನದ ಅಂಚಿನಲ್ಲಿ ನಿಲ್ಲಲು ಅನುಕೂಲದ ಜಾಗ ಇಲ್ಲ. ಮನೆಯಲ್ಲಿ ಕೆಲಸ ಕಾದಿರುತ್ತದೆ. ಆದ್ದರಿಂದ ಪಂದ್ಯಗಳನ್ನು ಸಾಧ್ಯವಾದಾಗ ಮಧ್ಯಾಹ್ನವೇ ಇಡುವುದು, ವಿದ್ಯಾರ್ಥಿನಿಯರಿಗೆ ನೆರಳಿರುವ ಕಡೆ ಕುರ್ಚಿ ಹಾಕುವುದು, ಪಂದ್ಯದ ಫಲಿತಾಂಶವನ್ನು ಮರುದಿನ ಪ್ರಾರ್ಥನೆಯ ಹೊತ್ತಿಗೆ ಓದುವುದು, ಇವು ಸಿಬ್ಬಂದಿಯಾದ ನಮ್ಮ ಕೆಲಸ. ವಿದ್ಯಾರ್ಥಿಗಳ ಕೆಲಸ ಒಂದೇ. ವರ್ಷದಲ್ಲಿ ಎರಡು ಪಂದ್ಯಕ್ಕೆ ಬನ್ನಿ, ಬರುವಾಗ ಒಬ್ಬ ಗೆಳೆಯನನ್ನು ಕರೆತನ್ನಿ.

ಮುಂದಿನ ಪಂದ್ಯಕ್ಕೆ ನಾನು ಹೋದೆ. ರಿಯಲ್ ಮ್ಯಾಡ್ರಿಡ್ ಹುಡುಗನೂ ಬಂದಿದ್ದ, ಅದೇ ಬಿಳಿ ಅಂಗಿಯಲ್ಲಿ. ನಮ್ಮವರು ಅಂದೂ ಸೋತರು. ಆಟದ ನಡುವೆ ನಮ್ಮ ಗೋಲ್‌ಕೀಪರ್ ಒಂದು ಪೆನಾಲ್ಟಿ ತಡೆದ. ಬಿಳಿ ಅಂಗಿಯವನು ಗೆರೆ ದಾಟಿ ಒಳಗೆ ಓಡಲು ಹೋಗಿ ರೆಫರಿಯಿಂದ ಬೈಸಿಕೊಂಡ. ಮರುದಿನ ಹಾಜರಿ ಕರೆಯುವಾಗ ಅವನ ಮುಖ ಮತ್ತೆ ಇಳಿದಿತ್ತು. ಯಾಕೆಂದು ಕೇಳಿದೆ.

‘ನಮ್ಮ ಟೀಮ್ ಸೋತ್ತ್ರಿ ಸರ್’ ಅಂದ. ಯಾವ ಟೀಮು ಎಂದು ನಾನು ಕೇಳಲಿಲ್ಲ.

ಅಭ್ಯಾಸಕ್ಕೆ

1. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಬಳಸಿ, ‘ಇನ್ನೂ ಒಬ್ಬ ಅಭಿಮಾನಿ’ ದೊಡ್ಡ ಕ್ಲಬ್ಬಿಗೂ ಕಾಲೇಜಿನ ತಂಡಕ್ಕೂ ತರುವ ವ್ಯತ್ಯಾಸವನ್ನು ಹತ್ತು ವಾಕ್ಯಗಳಲ್ಲಿ ವಿವರಿಸಿ.

2. ನಿಮ್ಮ ಊರಿನಲ್ಲಿ ಹಿಂದೆ ಇದ್ದು ಈಗ ಇಲ್ಲದ ಆಟದ ತಂಡ ಯಾವುದು? ಅದು ಯಾಕೆ ನಿಂತಿತು? ಮನೆಯ ಹಿರಿಯರನ್ನು ಕೇಳಿ ಬರೆದು ತನ್ನಿ.

3. ‘ಊರಿನ ತಂಡ ಚೆನ್ನಾಗಿ ಆಡದಿದ್ದರೂ ಬೆಂಬಲಿಸಬೇಕು’ ಎಂಬ ಮಾತಿಗೆ ನಿಮ್ಮ ಒಪ್ಪಿಗೆ ಇದೆಯೇ? ಒಪ್ಪದಿದ್ದರೆ ಕಾರಣ ಕೊಡಿ. ಒಳ್ಳೆಯ ವಿರೋಧದ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಅರ್ಥಶಾಸ್ತ್ರ ಉಪನ್ಯಾಸಕ